ರಿಪೇರಿಯ ಕೀಲಿಯೇ ಕೆಟ್ಟರೆ ಏನ್ ಮಾಡೋದು?
ಸಂಘದ ಲೆಕ್ಕ ಬರೆಯುವ ಅಕ್ಕಂದಿರಿಗೆ ಕಂಪ್ಯೂಟರ್ ಪಾಠ



ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಯಾವ ತಾಲ್ಲೂಕಿನ ಸಂಘವೇ ಆಗಲಿ, ಲೆಕ್ಕವನ್ನು ಕಂಪ್ಯೂಟರಿಗೆ ಏರಿಸುವ ಕಾಲ ಇದು. ಸ್ವಸಹಾಯ ಸಂಘಗಳ ಲೆಕ್ಕವನ್ನು ಗಣಕೀಕರಣ ಮಾಡಲು ನಬಾರ್ಡ್ 2015ರಲ್ಲೇ ಇ-ಶಕ್ತಿ ಯೋಜನೆ ಆರಂಭಿಸಿತು. ಅನುಕೂಲ ಬಹಳ ಇದೆ. ಆದರೆ ಯಂತ್ರ ಕೈಕೊಟ್ಟರೆ?

ಹೀಗೆ ಅಂದುಕೊಳ್ಳಿ. ನಾಳೆ ಬ್ಯಾಂಕಿಗೆ ಲೆಕ್ಕ ಕೊಡಬೇಕು. ಇವತ್ತು ಹೊಸ ಪ್ರಿಂಟರಿನ ಸಾಫ್ಟ್‌ವೇರ್ ಹಾಕಿದ್ದೇ ತಡ, ಕಂಪ್ಯೂಟರ್ ತಡವರಿಸತೊಡಗಿತು. 'ಸಿಸ್ಟಮ್ ರಿಸ್ಟೋರ್' ಒತ್ತಿದರೆ ಅದೂ ಆಗಲಿಲ್ಲ. ರಿಪೇರಿಯವರು "ಫಾರ್ಮ್ಯಾಟ್ ಮಾಡಿಬಿಡೋಣ ಅಕ್ಕಾ" ಅಂದರು. ಹೂಂ ಅನ್ನುವ ಮೊದಲು ಈ ಪಾಠ ಓದಿ. ಫಾರ್ಮ್ಯಾಟ್ ಅಂದರೆ ಡಿಸ್ಕನ್ನು ಒರೆಸಿಹಾಕುವುದು. ನಮ್ಮ ಉಳಿತಾಯ, ಸಾಲದ ಲೆಕ್ಕವೂ ಅದರೊಂದಿಗೆ ಹೋಗುತ್ತದೆ.

ಸಿಸ್ಟಮ್ ರಿಸ್ಟೋರ್ ಎಂದರೇನು?

ಇದು ವಿಂಡೋಸ್‌ನಲ್ಲಿ 2000ದಿಂದ ಬಂದಿರುವ ಸೌಲಭ್ಯ. ಕಂಪ್ಯೂಟರ್ ಚೆನ್ನಾಗಿದ್ದ ದಿನ ಒಂದು ಗುರುತು ಹಾಕಿಟ್ಟುಕೊಳ್ಳುತ್ತದೆ. ಅದಕ್ಕೆ ರಿಸ್ಟೋರ್ ಪಾಯಿಂಟ್ ಅಂತಾರೆ. ಕೆಟ್ಟಾಗ ಯಂತ್ರದ ವ್ಯವಸ್ಥೆಯನ್ನು ಆ ದಿನಕ್ಕೆ ಹಿಂದಿರುಗಿಸುತ್ತದೆ. ಆಮೇಲೆ ಹಾಕಿದ ಸಾಫ್ಟ್‌ವೇರ್ ಹೋಗುತ್ತದೆ.

ಆದರೆ ನಾವು ಬರೆದ ಕಡತಗಳನ್ನು ಅದು ಮುಟ್ಟುವುದಿಲ್ಲ. ಹರಪನಹಳ್ಳಿಯವರು 2018ರಲ್ಲಿ ದಾವಣಗೆರೆ ಜಿಲ್ಲೆಯಿಂದ ಬಳ್ಳಾರಿ ಜಿಲ್ಲೆಗೆ ಬಂದರು. 2021ರಲ್ಲಿ ಈ ಐದೂ ತಾಲ್ಲೂಕು ವಿಜಯನಗರ ಜಿಲ್ಲೆಗೆ ಸೇರಿದವು. ಸಂಘದ ಪತ್ರದಲ್ಲಿ ನಿನ್ನೆ ನೀವು ಜಿಲ್ಲೆಯ ಹೆಸರು ತಿದ್ದಿದ್ದರೆ, ರಿಸ್ಟೋರ್ ಮಾಡಿದರೂ ತಿದ್ದಿದ್ದು ಹಾಗೇ ಇರುತ್ತದೆ. ಅದೇ ರೀತಿ, ಕೈತಪ್ಪಿ ಅಳಿಸಿದ ಲೆಕ್ಕವನ್ನು ಅದು ತಂದುಕೊಡುವುದಿಲ್ಲ. ಅದನ್ನು ಮೊದಲು ರೀಸೈಕಲ್ ಬಿನ್‌ನಲ್ಲಿ ಹುಡುಕಿ.

ಯಾಕೆ ಕೆಲಸ ಮಾಡುವುದಿಲ್ಲ?

1. ಸೌಲಭ್ಯವೇ ಆಫ್ ಆಗಿರುತ್ತದೆ. ಎಷ್ಟೋ ಕಂಪ್ಯೂಟರುಗಳಲ್ಲಿ ಮೊದಲಿನಿಂದಲೇ ಹೀಗಿರುತ್ತದೆ. ಗುರುತೇ ಹಾಕದಿದ್ದರೆ ಹಿಂದಕ್ಕೆ ಹೋಗುವುದು ಎಲ್ಲಿಗೆ?
2. ಸಿ ಡ್ರೈವ್‌ನಲ್ಲಿ ಜಾಗ ಇರುವುದಿಲ್ಲ. ಜಾಗ ಸಾಲದಾದಾಗ ಹಳೆಯ ಗುರುತುಗಳು ಅಳಿಯುತ್ತವೆ.
3. ಆಂಟಿವೈರಸ್ ಅಡ್ಡ ಬರುತ್ತದೆ.
4. ವಿಂಡೋಸ್‌ನ ಕಡತಗಳೇ ಕೆಟ್ಟಿರುತ್ತವೆ. ಕರೆಂಟ್ ಹೋಗಿ ಯಂತ್ರ ಥಟ್ಟನೆ ಆರಿಹೋದಾಗ ಹೀಗಾಗಬಹುದು.

ಒಂದೊಂದಾಗಿ ಮಾಡಿ ನೋಡಿ

ಮೊದಲ ಹೆಜ್ಜೆ: ಯಂತ್ರ ತೆರೆಯುತ್ತಿದ್ದರೆ ಲೆಕ್ಕದ ಕಡತಗಳನ್ನು ಪೆನ್‌ಡ್ರೈವಿಗೆ ನಕಲು ಮಾಡಿ. ಮಿಕ್ಕಿದ್ದೆಲ್ಲ ಆಮೇಲೆ.

ಎರಡು: ಸ್ಟಾರ್ಟ್ ಒತ್ತಿ 'ಕ್ರಿಯೇಟ್ ಎ ರಿಸ್ಟೋರ್ ಪಾಯಿಂಟ್' ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿ, ಬಂದದ್ದನ್ನು ತೆರೆಯಿರಿ. ಸಿ ಡ್ರೈವ್ ಎದುರು 'ಆನ್' ಇದೆಯಾ ನೋಡಿ. 'ಆಫ್' ಇದ್ದರೆ 'ಕಾನ್ಫಿಗರ್' ಒತ್ತಿ ಆನ್ ಮಾಡಿ. ಇದು ಮುಂದಿನ ಸಲಕ್ಕೆ ಮಾತ್ರ; ಹಿಂದಿನ ದಿನಗಳ ಗುರುತು ಬರುವುದಿಲ್ಲ.

ಮೂರು: ಗುರುತುಗಳಿದ್ದು ಒಂದು ತಾರೀಖಿನದು ಆಗದಿದ್ದರೆ, ಅದಕ್ಕಿಂತ ಹಿಂದಿನ ತಾರೀಖನ್ನು ಆರಿಸಿ. ಆಂಟಿವೈರಸ್ಸನ್ನು ಸ್ವಲ್ಪ ಹೊತ್ತು ನಿಲ್ಲಿಸಿ ನೋಡಿ. ಆಗ ಇಂಟರ್ನೆಟ್ ಕಡಿದಿರಲಿ. ಕೆಲಸ ಮುಗಿದ ಮೇಲೆ ಆಂಟಿವೈರಸ್ ಮತ್ತೆ ಹಾಕಲು ಮರೆಯಬೇಡಿ.

ನಾಲ್ಕು: ಶಿಫ್ಟ್ ಕೀಲಿ ಒತ್ತಿಹಿಡಿದು 'ರಿಸ್ಟಾರ್ಟ್' ಕೊಡಿ. ನೀಲಿ ಪರದೆಯಲ್ಲಿ 'ಟ್ರಬಲ್‌ಶೂಟ್', 'ಅಡ್ವಾನ್ಸ್ಡ್ ಆಪ್ಷನ್ಸ್', 'ಸಿಸ್ಟಮ್ ರಿಸ್ಟೋರ್' ಹೀಗೆ ಹೋಗಿ. ಒಳಗಿನಿಂದ ಆಗದ್ದು ಇಲ್ಲಿಂದ ಎಷ್ಟೋ ಸಲ ಆಗುತ್ತದೆ.

ಐದು: ಅದೂ ಆಗದಿದ್ದರೆ ಕೆಟ್ಟ ಕಡತಗಳನ್ನು ಸರಿಪಡಿಸುವ 'ಎಸ್‌ಎಫ್‌ಸಿ ಸ್ಕ್ಯಾನ್' ಓಡಿಸಲು ತಿಳಿದವರಿಗೆ ಹೇಳಿ. ಕೊನೆಯ ದಾರಿ 'ರೀಸೆಟ್'. ಅದರಲ್ಲಿ 'ಕೀಪ್ ಮೈ ಫೈಲ್ಸ್' ಎಂಬುದನ್ನೇ ಆರಿಸಿ. ಸಾಫ್ಟ್‌ವೇರುಗಳನ್ನು ಮತ್ತೆ ಹಾಕಬೇಕಾಗುತ್ತದೆ.

ಎಚ್ಚರಿಕೆ: ರಿಸ್ಟೋರ್ ನಡೆಯುವಾಗ ಯಂತ್ರ ಆರಿಸಬೇಡಿ. ಯುಪಿಎಸ್ ಇಲ್ಲದಿದ್ದರೆ ಕರೆಂಟ್ ನಿಲ್ಲುವ ಹೊತ್ತು ನೋಡಿಕೊಂಡೇ ಶುರು ಮಾಡಿ.

ಬೀಜ ಎತ್ತಿಟ್ಟ ಹಾಗೆ

ಮನೆಯಲ್ಲಿ ಜೋಳ ಎಷ್ಟೇ ಕಡಿಮೆ ಇದ್ದರೂ ಬಿತ್ತನೆ ಬೀಜವನ್ನು ನಮ್ಮ ಅವ್ವಂದಿರು ಬೇರೆ ಎತ್ತಿಡುತ್ತಿದ್ದರು. ಲೆಕ್ಕಕ್ಕೂ ಅದೇ ನಿಯಮ. ಸಿಸ್ಟಮ್ ರಿಸ್ಟೋರ್ ಯಂತ್ರವನ್ನು ಉಳಿಸಬಹುದು, ಲೆಕ್ಕವನ್ನು ಉಳಿಸುವವರು ನಾವೇ. ಪ್ರತಿ ವಾರ ಎರಡು ಪೆನ್‌ಡ್ರೈವಿಗೆ ನಕಲು ಮಾಡಿ. ಒಂದು ಕಚೇರಿಯಲ್ಲಿರಲಿ, ಇನ್ನೊಂದು ಪದಾಧಿಕಾರಿಯ ಮನೆಯಲ್ಲಿರಲಿ. ಠರಾವು ಪುಸ್ತಕ, ನಗದು ಪುಸ್ತಕ, ಸದಸ್ಯರ ಪಾಸ್ ಪುಸ್ತಕ ಬರೆಯುವುದನ್ನು ಎಂದೂ ನಿಲ್ಲಿಸಬೇಡಿ. ಓದು ಬಾರದ ತಂಗಿಯೂ ತನ್ನ ಪಾಸ್ ಪುಸ್ತಕ ಹಿಡಿದು "ನನ್ನ ದುಡ್ಡು ಎಷ್ಟೈತಿ?" ಎಂದು ಕೇಳಬಹುದು. ಕಂಪ್ಯೂಟರ್ ಕೆಟ್ಟಿದೆ ಎಂಬುದು ಅವಳಿಗೆ ಉತ್ತರವಾಗಬಾರದು.

ಸಭೆಯಲ್ಲಿ ಚರ್ಚಿಸಿ

1. ನಮ್ಮ ಲೆಕ್ಕದ ನಕಲು ಎಲ್ಲಿದೆ? ಕೊನೆಯ ಸಲ ಮಾಡಿದ್ದು ಯಾವಾಗ?
2. ಕಂಪ್ಯೂಟರ್ ಇವತ್ತೇ ಕೆಟ್ಟರೆ ಪುಸ್ತಕ ನೋಡಿ ಎಲ್ಲರ ಉಳಿತಾಯ ಹೇಳಬಲ್ಲೆವಾ?
3. ಈ ಕೆಲಸ ಬಲ್ಲವರು ನಮ್ಮಲ್ಲಿ ಎಷ್ಟು ಮಂದಿ? ಒಬ್ಬರೇ ಆದರೆ, ಇನ್ನೊಬ್ಬರಿಗೆ ಈ ತಿಂಗಳೇ ಕಲಿಸಿ.