ದುಡಿಯುವ ಮೈಗೆ ರೊಟ್ಟಿಯೂ ಬೇಕು, ಬೇಳೆಯೂ ಬೇಕು



ತೊಗರಿಯ ರಾಶಿ ಮುಗಿದೊಡನೆ ಸಗರನಾಡಿನ ಎಷ್ಟೋ ಮನೆಗಳಿಂದ ಕಾಳೆಲ್ಲವೂ ಚೀಲ ತುಂಬಿ ಪೇಟೆಗೆ ಹೋಗುತ್ತದೆ. ಸಾಲ ತೀರಿಸಬೇಕು, ನಿಜ. ಆದರೆ ಮನೆಯವರ ಊಟಕ್ಕೆ ಎಷ್ಟು ಉಳಿಸಬೇಕೆಂಬ ಲೆಕ್ಕವನ್ನು ಮೊದಲು ಹಾಕಬೇಕು. ಇದು ಏಕೆ? ಉಂಡ ಆಹಾರ ಮೈಯಲ್ಲಿ ಏನಾಗುತ್ತದೆಂದು ತಿಳಿದರೆ ಉತ್ತರ ಸಿಗುತ್ತದೆ.

ಮೈಗೆ ಉರುವಲು

ಜೋಳದಲ್ಲಿ ಹೆಚ್ಚಿನ ಭಾಗ ಪಿಷ್ಟ. ಅದು ಜೀರ್ಣವಾಗಿ, ಸಕ್ಕರೆಯಾಗಿ ರಕ್ತಕ್ಕೆ ಸೇರುತ್ತದೆ. ಸ್ನಾಯುಗಳು ಆ ಸಕ್ಕರೆಯನ್ನು ಉಸಿರಿನ ಆಮ್ಲಜನಕದೊಡನೆ ಉರಿಸಿ ಶಕ್ತಿ ಪಡೆಯುತ್ತವೆ. ಚೀಲ ಹೊರುವಾಗ ಮೈ ಬಿಸಿಯಾಗುವುದೂ ಏದುಸಿರು ಬರುವುದೂ ಇದರಿಂದಲೇ. ಶೇಂಗಾ, ಕುಸುಬೆ ಎಣ್ಣೆಯ ಜಿಡ್ಡು ಕೂಡ ಉರುವಲೇ. ತೂಕಕ್ಕೆ ತೂಕ ಅದು ಪಿಷ್ಟದ ಎರಡು ಪಟ್ಟಿಗಿಂತ ಹೆಚ್ಚು ಶಕ್ತಿ ಕೊಡುತ್ತದೆ.

ಮೈಯ ದುರಸ್ತಿ

ಮಾಳಿಗೆಗೆ ಆಗಾಗ ಮಣ್ಣು ಹಾಕುವಂತೆ ಸ್ನಾಯುಗಳಿಗೆ ದಿನವೂ ದುರಸ್ತಿ ಬೇಕು. ಅದಕ್ಕೆ ಬೇಕಾದ ವಸ್ತು ಸಸಾರಜನಕ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಹೇಳಿದಂತೆ, ದಿನಕ್ಕೆ 65 ಕಿಲೊ ತೂಕದ ಗಂಡಸಿಗೆ 54 ಗ್ರಾಂ, 55 ಕಿಲೊ ತೂಕದ ಹೆಂಗಸಿಗೆ 46 ಗ್ರಾಂ ಸಸಾರಜನಕ ಬೇಕು. 100 ಗ್ರಾಂ ಜೋಳದಲ್ಲಿ ಅದು ಸುಮಾರು 10 ಗ್ರಾಂ ಇದ್ದರೆ, ಅಷ್ಟೇ ತೊಗರಿ ಬೇಳೆಯಲ್ಲಿ ಸುಮಾರು 22 ಗ್ರಾಂ ಇದೆ. ಅಕ್ಕಿಯಲ್ಲಿ ಜೋಳಕ್ಕಿಂತಲೂ ಕಡಿಮೆ. ಆದ್ದರಿಂದ ಕಾಲುವೆ ನೀರು ಬಂದು ರೊಟ್ಟಿಗಿಂತ ಅನ್ನ ಹೆಚ್ಚಾದ ಮನೆಗಳಲ್ಲಿ ಬೇಳೆಯನ್ನೂ ಹೆಚ್ಚಿಸಬೇಕು.

ಜೋಳದ ಸಸಾರಜನಕದಲ್ಲಿ ಲೈಸಿನ್ ಎಂಬ ಅಂಶ ಸಾಲದು. ಬೇಳೆಯಲ್ಲಿ ಅದು ಹೇರಳವಾಗಿದೆ. ಬೇಳೆಯಲ್ಲಿ ಕಡಿಮೆಯಿರುವ ಮೆಥಿಯೊನಿನ್ ಜೋಳದಲ್ಲಿ ಸಿಗುತ್ತದೆ. ಎರಡನ್ನೂ ಕೂಡಿಸಿ ಉಂಡರೆ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಬೇಳೆ ಹಾಕಿದ ಪುಂಡಿ ಪಲ್ಯ, ಹೆಸರು ಕಾಳು, ಜುಣಕ, ಮೊಸರು, ತತ್ತಿ ಎಲ್ಲವೂ ರೊಟ್ಟಿಗೆ ಒಳ್ಳೆಯ ಜೊತೆ.

ಸಸಾರಜನಕವನ್ನು ಕೂಡಿಡಲು ಮೈಯಲ್ಲಿ ಹಗೇವು ಇಲ್ಲ. ಹಬ್ಬದ ದಿನ ಹೋಳಿಗೆ ಉಂಡು ತಿಂಗಳೆಲ್ಲ ಬರಿ ಖಾರ-ರೊಟ್ಟಿಯಲ್ಲಿ ಕಳೆದರೆ ಪ್ರಯೋಜನವಿಲ್ಲ. ದಿನವೂ ಸ್ವಲ್ಪ ಬೇಕು.

ಉರುವಲು ಸಾಲದಿದ್ದರೆ

ದುಡಿತ ಹೆಚ್ಚಾಗಿ ಊಟ ಕಡಿಮೆಯಾದರೆ ಮೈ ತನ್ನ ಕೊಬ್ಬನ್ನು ಕರಗಿಸುತ್ತದೆ. ಜೊತೆಗೆ ಸ್ನಾಯುವನ್ನೂ ಒಡೆದು ಉರುವಲು ಮಾಡಿಕೊಳ್ಳುತ್ತದೆ. ಕಟ್ಟಿಗೆಯಿಲ್ಲವೆಂದು ಮನೆಯ ಜಂತಿ ಕಿತ್ತು ಒಲೆಗೆ ಹಾಕಿದಂತೆ ಇದು. ರೊಟ್ಟಿ ಸಾಲದಿದ್ದರೆ ತಿಂದ ಬೇಳೆಯೂ ಹೀಗೆಯೇ ಉರಿದುಹೋಗುತ್ತದೆ.

ಹಗಲೆಲ್ಲ ಕಳೆ ತೆಗೆದು, ಹತ್ತಿ ಬಿಡಿಸಿ ಬಂದು, ಎಲ್ಲರಿಗೂ ಬಡಿಸಿ, ಕೊನೆಗೆ ಉಳಿದದ್ದನ್ನು ಉಣ್ಣುವ ತಾಯಂದಿರಿಗೆ ಈ ನಷ್ಟ ಹೆಚ್ಚು. ಬಸುರಿಯರಿಗೂ ಮೊಲೆಯೂಡಿಸುವವರಿಗೂ ಸಸಾರಜನಕ ಇನ್ನೂ ಹೆಚ್ಚು ಬೇಕು. ವಯಸ್ಸಾದವರ ಸ್ನಾಯು ತಾನಾಗಿಯೇ ಸೊರಗುವುದರಿಂದ ಅವರ ಗಂಗಾಳಕ್ಕೂ ಬೇಳೆ ಬೀಳಬೇಕು.

ಮನೆಯ ಲೆಕ್ಕ

ಐದು ಜನರಿರುವ ಮನೆಗೆ, ತಲೆಗೆ 80 ಗ್ರಾಂನಂತೆ, ದಿನಕ್ಕೆ 400 ಗ್ರಾಂ ಬೇಳೆ. ವರ್ಷಕ್ಕೆ 146 ಕಿಲೊ ಆಯಿತು. ಒಡೆಯುವಾಗ ಸುಮಾರು ಕಾಲುಭಾಗ ಸಿಪ್ಪೆ, ನುಚ್ಚಾಗಿ ಹೋಗುವುದರಿಂದ ಸುಮಾರು 2 ಕ್ವಿಂಟಲ್ ಕಾಳು ಬೇಕು. ಈ ಸಲ ರಾಶಿಯಾದಾಗ ಅಷ್ಟನ್ನು ಮೊದಲು ಮನೆಗೆ ತೆಗೆದಿಡಿರಿ. ಉಳಿದದ್ದು ಪೇಟೆಗೆ ಹೋಗಲಿ.