17 ಇಂಚೋ, 18 ಇಂಚೋ?

ಡೆಟ್ರಾಯಿಟ್‌ನಿಂದ ಬರೆದಿರುವ ನೀವು ಟೊಯೋಟಾ ಜಿಆರ್86 ಕೊಳ್ಳುವ ಮೊದಲೇ ಚಕ್ರದ ಅಳತೆ ಕೇಳಿದ್ದು ಒಳ್ಳೆಯದಾಯಿತು. 17 ಇಂಚಿನದನ್ನೇ ತೆಗೆದುಕೊಳ್ಳಿ.

215/40 ಆರ್18 ಟೈರಿನ ಪಕ್ಕದ ಗೋಡೆಯ ಎತ್ತರ 86 ಮಿ.ಮೀ.; 215/45 ಆರ್17ರಲ್ಲಿ ಸುಮಾರು 97. ಗುಂಡಿಗೆ ಬಿದ್ದಾಗ ರಿಮ್ಮನ್ನು ಕಾಯುವುದು ಈ ಹೆಚ್ಚುವರಿ ರಬ್ಬರೇ. ಮಿಷಿಗನ್‌ನಲ್ಲಿ ಹಿಮ ಕರಗಿ, ಮತ್ತೆ ಹೆಪ್ಪುಗಟ್ಟಿ ರಸ್ತೆಗಳು ಹೇಗೆ ಕಿತ್ತುಹೋಗುತ್ತವೆಂದು ನಿಮಗೆ ಗೊತ್ತೇ ಇದೆ. ಬಿರುಕುಬಿಟ್ಟ ಅಲಾಯ್ ರಿಮ್ಮನ್ನು ವೆಲ್ಡ್ ಮಾಡಿಸಿ ಓಡಿಸುವುದನ್ನಂತೂ ನಾನು ಒಪ್ಪುವುದಿಲ್ಲ. ಎರಡೂ ಟೈರುಗಳ ಹೊರವ್ಯಾಸದ ವ್ಯತ್ಯಾಸ 4 ಮಿ.ಮೀ. ಅಷ್ಟೇ, ಸ್ಪೀಡೋಮೀಟರ್ ಲೆಕ್ಕ ತಪ್ಪುವುದಿಲ್ಲ.

18ರಲ್ಲಿ ಸ್ಟೀರಿಂಗ್ ಚುರುಕು ಅನ್ನುತ್ತೀರಿ, ನಿಜ. ಆದರೆ ಅದರಲ್ಲಿ ದೊಡ್ಡ ಪಾಲು ಟೈರಿನದು. ಒಳ್ಳೆಯ ಬೇಸಿಗೆ ಟೈರನ್ನು 17ಕ್ಕೇ ಹಾಕಿಸಿ ಓಡಿಸಿ ನೋಡಿ, ಕೊರತೆ ಕಾಣುವುದು ಕಷ್ಟ.

17 ಆರಿಸಿದ್ದರಿಂದ ಉಳಿದ ಹಣವನ್ನು ಚಳಿಗಾಲದ ಟೈರಿಗೆ ಎತ್ತಿಡಿ. ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಬೇಸಿಗೆ ಟೈರಿನ ರಬ್ಬರು ಗಡಸಾಗಿ ಹಿಡಿತ ಕಳೆದುಕೊಳ್ಳುತ್ತದೆ. ಹಿಂದಿನ ಚಕ್ರ ತಳ್ಳುವ ಕಾರಿನಲ್ಲಿ ಅದು ಅಪಾಯ, ದಯವಿಟ್ಟು ಉದಾಸೀನ ಮಾಡಬೇಡಿ. ದೊಡ್ಡ ಬ್ರೇಕ್ ಇರುವ ಮಾದರಿ ಆರಿಸಿದರೆ, ಕ್ಯಾಲಿಪರ್‌ಗೆ 17ರ ರಿಮ್ಮಿನೊಳಗೆ ಜಾಗವಿದೆಯೇ ಎಂದು ಮೊದಲೇ ಅಳೆಸಿ.