ಕೋಣೆಯೊಳಗೆ ಮಣ್ಣುರಹಿತ ಬೇಸಾಯ: ಮೊದಲ ಘಟಕಕ್ಕೆ ಮುನ್ನ ಖರ್ಚಿನ ಲೆಕ್ಕ

ಮಣ್ಣಿಲ್ಲದೆ, ಪೋಷಕಾಂಶಗಳನ್ನು ಕರಗಿಸಿದ ನೀರಿನಲ್ಲಿಯೇ ಬೆಳೆ ತೆಗೆಯುವ ಪದ್ಧತಿಗೆ ಮಣ್ಣುರಹಿತ ಬೇಸಾಯ ಅಥವಾ ಹೈಡ್ರೋಪೋನಿಕ್ಸ್ ಎಂದು ಹೆಸರು. ಇತ್ತೀಚಿನ ವರ್ಷಗಳಲ್ಲಿ ಪಟ್ಟಣಗಳ ಸಮೀಪದ ಅನೇಕ ರೈತರು ಮತ್ತು ವಿದ್ಯಾವಂತ ಯುವಕರು ಇದರತ್ತ ಒಲವು ತೋರುತ್ತಿದ್ದಾರೆ. ಖಾಲಿ ಬಿದ್ದ ರೇಷ್ಮೆ ಹುಳು ಸಾಕಾಣಿಕೆ ಮನೆಯಲ್ಲಿಯೋ, ಮನೆಯ ಒಂದು ಕೋಣೆಯಲ್ಲಿಯೋ ದೀಪಗಳನ್ನು ಹಾಕಿ ಲೆಟ್ಯೂಸ್‌ನಂಥ ಎಲೆ ತರಕಾರಿ ಬೆಳೆಯಬಹುದೇ ಎಂಬ ಪ್ರಶ್ನೆ ಮೇಲಿಂದ ಮೇಲೆ ಬರುತ್ತಿದೆ. ಬೆಳೆಯಬಹುದು. ಆದರೆ ಬೆಳೆಯಲು ಸಾಧ್ಯವೇ ಎಂಬುದು ಒಂದು ಪ್ರಶ್ನೆ, ಹಾಕಿದ ಹಣ ಹಿಂದಿರುಗುವುದೇ ಎಂಬುದು ಇನ್ನೊಂದು ಪ್ರಶ್ನೆ. ಸಾಲ ತೆಗೆಯುವ ಮುನ್ನ ಎರಡನೆಯ ಪ್ರಶ್ನೆಗೆ ಕಾಗದದ ಮೇಲೆ ಉತ್ತರ ಕಂಡುಕೊಳ್ಳುವುದು ಹೇಗೆ ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಪದ್ಧತಿಯ ಹಿನ್ನೆಲೆ

ಗಿಡ ತನ್ನ ಆಹಾರಕ್ಕೆ ಮಣ್ಣನ್ನಲ್ಲ, ಮಣ್ಣಿನ ನೀರಿನಲ್ಲಿ ಕರಗಿದ ಲವಣಗಳನ್ನು ಅವಲಂಬಿಸಿದೆ ಎಂಬುದನ್ನು ಜರ್ಮನಿಯ ಸಾಕ್ಸ್ ಮತ್ತು ಕ್ನಾಪ್ ಎಂಬ ವಿಜ್ಞಾನಿಗಳು 1860ರ ದಶಕದಲ್ಲಿ ತೋರಿಸಿಕೊಟ್ಟರು. ಹೈಡ್ರೋಪೋನಿಕ್ಸ್ ಎಂಬ ಹೆಸರನ್ನು 1937ರಲ್ಲಿ ಬಳಕೆಗೆ ತಂದವರು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಗೆರಿಕೆ. ಅವರು ತೊಟ್ಟಿಯಲ್ಲಿ ಬೆಳೆದ ಎತ್ತರದ ಟೊಮ್ಯಾಟೊ ಗಿಡಗಳನ್ನು ಕಂಡು ಜನ ಬೆರಗಾದರು. ಆಗ ಅದೇ ವಿಶ್ವವಿದ್ಯಾನಿಲಯದ ಹೋಗ್ಲ್ಯಾಂಡ್ ಮತ್ತು ಆರ್ನನ್ ಮಣ್ಣು, ಮರಳು, ನೀರು ಮೂರರಲ್ಲಿಯೂ ಬೆಳೆ ಬೆಳೆದು ಹೋಲಿಸಿದರು. ಬೆಳಕು, ಹವೆ, ಪೋಷಣೆ ಸಮನಾಗಿದ್ದರೆ ಒಳ್ಳೆಯ ಮಣ್ಣಿನ ಇಳುವರಿಗೂ ನೀರಿನ ಇಳುವರಿಗೂ ಹೆಚ್ಚಿನ ಅಂತರವಿಲ್ಲ ಎಂದು 1938ರಲ್ಲಿ ಪ್ರಕಟಿಸಿದರು. ನಮ್ಮ ದೇಶದಲ್ಲಿ 1946ರಲ್ಲಿ ಅಂದಿನ ಡಾರ್ಜಿಲಿಂಗ್ ಜಿಲ್ಲೆಯ ಕಾಲಿಂಪಾಂಗ್‌ನಲ್ಲಿ ಶೋಲ್ಟೊ ಡಗ್ಲಸ್ ಈ ಪದ್ಧತಿಯ ಪ್ರಯೋಗ ನಡೆಸಿದರು.

ಇದರಿಂದ ತಿಳಿಯಬೇಕಾದುದಿಷ್ಟೆ: ನೀರಿನಲ್ಲಿ ಬೆಳೆದ ಮಾತ್ರಕ್ಕೆ ಇಳುವರಿ ಇಮ್ಮಡಿಯಾಗುವುದಿಲ್ಲ. ಗಿಡಗಳನ್ನು ಒತ್ತೊತ್ತಾಗಿ ಬೆಳೆಯಬಹುದು, ವರ್ಷದಲ್ಲಿ ಹೆಚ್ಚು ಬೆಳೆ ತೆಗೆಯಬಹುದು, ನೀರು ಬಹಳ ಉಳಿಯುತ್ತದೆ. ಲಾಭವಿರುವುದು ಇವುಗಳಲ್ಲಿ. ಈ ಲಾಭಕ್ಕೆ ತೆರುವ ಬೆಲೆ ವಿದ್ಯುತ್ತು.

ಮೊದಲು ಮಾರುಕಟ್ಟೆ

ಘಟಕದ ಗಾತ್ರವನ್ನು ಕೋಣೆಯ ಅಳತೆಯಿಂದಲ್ಲ, ವಾರಕ್ಕೆ ಎಷ್ಟು ಮಾರಬಹುದು ಎಂಬುದರಿಂದ ನಿರ್ಧರಿಸಬೇಕು. ಲೆಟ್ಯೂಸ್ ನಮ್ಮ ಹಳ್ಳಿಯ ಸಂತೆಯಲ್ಲಿ ಮಾರಾಟವಾಗುವ ಸೊಪ್ಪಲ್ಲ. ಹೋಟೆಲುಗಳು, ಪಟ್ಟಣದ ದೊಡ್ಡ ಅಂಗಡಿಗಳು, ಕೆಲವು ಮನೆಗಳು ಮಾತ್ರ ಕೊಳ್ಳುತ್ತವೆ. ಕನಿಷ್ಠ ಇಬ್ಬರು ಖರೀದಿದಾರರನ್ನು ಕಂಡು, ವಾರಕ್ಕೆ ಎಷ್ಟು ಕಿಲೊ, ಯಾವ ದರಕ್ಕೆ, ಎಷ್ಟು ದಿನಕ್ಕೆ ಹಣ ಎಂಬುದನ್ನು ಬರೆದಿಟ್ಟುಕೊಳ್ಳಬೇಕು. ಬೇಸಿಗೆಯಲ್ಲಿ ಸರಕು ಕಡಿಮೆಯಾದಾಗ ಸಿಗುವ ದರವನ್ನು ಲೆಕ್ಕಕ್ಕೆ ಹಿಡಿಯಬಾರದು. ಚಳಿಗಾಲದಲ್ಲಿ ಹೊಲದ ಸರಕು ಹೇರಳವಾಗಿ ಬಂದಾಗಿನ ದರವನ್ನೇ ಹಿಡಿಯಬೇಕು.

ನೀರಿನ ಪರೀಕ್ಷೆ

ಎರಡನೆಯ ಕೆಲಸ ನೀರಿನ ಪರೀಕ್ಷೆ. ನೀರಿನಲ್ಲಿ ಕರಗಿದ ಲವಣದ ಪ್ರಮಾಣವನ್ನು ವಿದ್ಯುತ್ ವಾಹಕತೆಯಿಂದ ಅಳೆಯುತ್ತಾರೆ. ಇದನ್ನು ಇ.ಸಿ. ಎನ್ನುವುದು ವಾಡಿಕೆ. ಮೂಲ ನೀರಿನ ಇ.ಸಿ. 0.5ಕ್ಕಿಂತ ಕಡಿಮೆ ಇದ್ದರೆ ಉತ್ತಮ, 1.0 ದಾಟಿದರೆ ಮೊದಲ ಘಟಕಕ್ಕೆ ಅದು ಯೋಗ್ಯವಲ್ಲ. ಬಯಲುಸೀಮೆಯ ಆಳವಾದ ಕೊಳವೆಬಾವಿಗಳ ನೀರು ಸಾಮಾನ್ಯವಾಗಿ ಗಡುಸು. ಅದರಲ್ಲಿನ ಬೈಕಾರ್ಬೊನೇಟು ದ್ರಾವಣದ ರಸಸಾರವನ್ನು ಮೇಲಕ್ಕೆಳೆಯುತ್ತಲೇ ಇರುತ್ತದೆ. ಅಂಥ ಕಡೆ ಚಾವಣಿಯ ಮಳೆ ನೀರು ಉತ್ತಮ. ವರ್ಷಕ್ಕೆ 700 ಮಿ.ಮೀ. ಮಳೆ ಬೀಳುವ ಊರಿನಲ್ಲಿ 100 ಚದರ ಮೀಟರ್ ಚಾವಣಿಯಿಂದ, ಶೇಕಡಾ 80ರಷ್ಟು ಸಂಗ್ರಹವಾದರೂ, 56,000 ಲೀಟರ್ ನೀರು ದೊರೆಯುತ್ತದೆ. ಸಣ್ಣ ಘಟಕಕ್ಕೆ ಇದು ಧಾರಾಳ.

ಪೋಷಕ ದ್ರಾವಣ

ಲೆಟ್ಯೂಸ್‌ಗೆ ದ್ರಾವಣದ ರಸಸಾರ 5.5ರಿಂದ 6.5, ಇ.ಸಿ. 1.2ರಿಂದ 1.8 ಇರಬೇಕು. 1,000 ಲೀಟರ್ ದ್ರಾವಣಕ್ಕೆ ಬೇಕಾದ ಲವಣಗಳು ಹೀಗಿವೆ:

‘ಎ’ ಡಬ್ಬ (10 ಲೀಟರ್ ನೀರಿನಲ್ಲಿ): ಕ್ಯಾಲ್ಸಿಯಂ ನೈಟ್ರೇಟ್ 700 ಗ್ರಾಂ, ಶೇ. 12ರ ಕಬ್ಬಿಣದ ಕೀಲೇಟ್ 20 ಗ್ರಾಂ.

‘ಬಿ’ ಡಬ್ಬ (10 ಲೀಟರ್ ನೀರಿನಲ್ಲಿ): ಪೊಟ್ಯಾಸಿಯಂ ನೈಟ್ರೇಟ್ 400 ಗ್ರಾಂ, ಮಾನೊ ಪೊಟ್ಯಾಸಿಯಂ ಫಾಸ್ಫೇಟ್ 200 ಗ್ರಾಂ, ಮೆಗ್ನೀಸಿಯಂ ಸಲ್ಫೇಟ್ 400 ಗ್ರಾಂ, ಬೋರಿಕ್ ಆಮ್ಲ 3 ಗ್ರಾಂ, ಮ್ಯಾಂಗನೀಸ್ ಸಲ್ಫೇಟ್ 2 ಗ್ರಾಂ, ಸತುವಿನ ಸಲ್ಫೇಟ್ ಅರ್ಧ ಗ್ರಾಂ, ಮೈಲುತುತ್ತ 0.2 ಗ್ರಾಂ, ಸೋಡಿಯಂ ಮಾಲಿಬ್ಡೇಟ್ 0.1 ಗ್ರಾಂ.

ಪ್ರತಿ 100 ಲೀಟರ್ ನೀರಿಗೆ ಎರಡೂ ಡಬ್ಬಗಳಿಂದ ಒಂದೊಂದು ಲೀಟರ್ ಬೆರೆಸಬೇಕು. ಎರಡನ್ನೂ ಗಟ್ಟಿ ರೂಪದಲ್ಲಿ ಕೂಡಿಸಬಾರದು. ಕೂಡಿಸಿದರೆ ಕ್ಯಾಲ್ಸಿಯಂ ಸಲ್ಫೇಟು ಮತ್ತು ಫಾಸ್ಫೇಟುಗಳಾಗಿ ತಳ ಸೇರುತ್ತದೆ, ಗಿಡಕ್ಕೆ ದಕ್ಕುವುದಿಲ್ಲ. ರಸಸಾರ ಇಳಿಸಲು ಫಾಸ್ಫಾರಿಕ್ ಆಮ್ಲ ಬಳಸುವಾಗ ಕೈಗವಸು, ಕನ್ನಡಕ ಧರಿಸಿ, ನೀರಿಗೆ ಆಮ್ಲವನ್ನು ಸುರಿಯಬೇಕೇ ಹೊರತು ಆಮ್ಲಕ್ಕೆ ನೀರನ್ನು ಸುರಿಯಬಾರದು. ದ್ರಾವಣದ ಉಷ್ಣತೆ 25 ಡಿಗ್ರಿ ಸೆಲ್ಸಿಯಸ್ ಮೀರಬಾರದು. 20 ಡಿಗ್ರಿಯ ನೀರು ಲೀಟರಿಗೆ ಸುಮಾರು 9 ಮಿ.ಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಂಡರೆ, 30 ಡಿಗ್ರಿಯ ನೀರು ಏಳೂವರೆಯಷ್ಟೇ ಹಿಡಿಯುತ್ತದೆ. ಬೇರು ಕೊಳೆ ರೋಗಕ್ಕೆ ದಾರಿಯಾಗುತ್ತದೆ.

ಯಾವ ವಿಧಾನ

ಇಳಿಜಾರು ಕೊಳವೆಗಳಲ್ಲಿ ತೆಳ್ಳಗೆ ದ್ರಾವಣ ಹರಿಸುವ ವಿಧಾನ ನೋಡಲು ಅಚ್ಚುಕಟ್ಟು. ಆದರೆ ವಿದ್ಯುತ್ ಹೋಗಿ ಪಂಪು ನಿಂತರೆ ಸೆಕೆಯ ದಿನಗಳಲ್ಲಿ ಕೆಲವೇ ಗಂಟೆಗಳಲ್ಲಿ ಬೇರು ಒಣಗುತ್ತದೆ. ತೊಟ್ಟಿಯ ದ್ರಾವಣದ ಮೇಲೆ ತೇಲು ಹಲಗೆಯಲ್ಲಿ ಗಿಡ ಕೂರಿಸುವ ವಿಧಾನದಲ್ಲಿ ಬೇರು ಸದಾ ನೀರಿನಲ್ಲಿರುವುದರಿಂದ ಈ ಅಪಾಯ ಕಡಿಮೆ. ಮೊದಲ ಘಟಕಕ್ಕೆ ತೇಲು ಹಲಗೆಯೇ ಸೂಕ್ತ. ಭಾರವನ್ನು ಮಾತ್ರ ಮರೆಯಬಾರದು. 10 ಸೆಂ.ಮೀ. ಆಳದ ದ್ರಾವಣ ಪ್ರತಿ ಚದರ ಮೀಟರಿಗೆ 100 ಕಿ.ಗ್ರಾಂ ತೂಗುತ್ತದೆ. ಹುಳು ಸಾಕುವ ಬಿದಿರಿನ ಸ್ಟ್ಯಾಂಡು ಇದನ್ನು ತಾಳದು. ಕಬ್ಬಿಣದ ಚೌಕಟ್ಟು ಬೇಕು.

ಬೆಳಕಿನ ಲೆಕ್ಕ

ಕೋಣೆಯಲ್ಲಿ ಬೆಳೆದ ಬೆಳೆಯ ಹಣೆಬರಹ ನಿರ್ಧಾರವಾಗುವುದು ಈ ಲೆಕ್ಕದಲ್ಲಿ. ಲೆಟ್ಯೂಸ್ ಚೆನ್ನಾಗಿ ಬೆಳೆಯಲು ಒಳ್ಳೆಯ ಗುಣಮಟ್ಟದ ಎಲ್.ಇ.ಡಿ. ದೀಪಗಳಾದರೂ ಪ್ರತಿ ಚದರ ಮೀಟರಿಗೆ ಸುಮಾರು 100 ವ್ಯಾಟ್‌ನಂತೆ ದಿನಕ್ಕೆ 16 ಗಂಟೆ ಉರಿಯಬೇಕು. ಅಂದರೆ ಚದರ ಮೀಟರಿಗೆ ದಿನಕ್ಕೆ 1.6 ಯೂನಿಟ್.

10 ಚದರ ಮೀಟರ್ ಬೆಳೆ ಪ್ರದೇಶದ ಘಟಕವನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಮೂರು ಅಂತಸ್ತಿನ ಚೌಕಟ್ಟಿನಲ್ಲಿ ಇದು 10 ಅಡಿಗೆ 12 ಅಡಿಯ ಕೋಣೆಯಲ್ಲಿ ಹಿಡಿಯುತ್ತದೆ. ಸಸಿ ನಾಟಿಯಾದ ಮೇಲೆ ಬೆಳೆಯ ಅವಧಿ 35 ದಿನ.

ದೀಪಗಳಿಗೆ: ದಿನಕ್ಕೆ 16ರಂತೆ 560 ಯೂನಿಟ್.
ದೀಪದ ಶಾಖ ಹೊರಹಾಕುವ ಹವಾನಿಯಂತ್ರಕಕ್ಕೆ (ದೀಪದ ಮೂರನೆಯ ಒಂದು ಭಾಗ): ಸುಮಾರು 190 ಯೂನಿಟ್.
ಗಾಳಿ ಪಂಪಿಗೆ: 35 ಯೂನಿಟ್.
ಒಟ್ಟು: 785 ಯೂನಿಟ್.

ಚದರ ಮೀಟರಿಗೆ 25 ಗಿಡ, ಗಿಡಕ್ಕೆ 150 ಗ್ರಾಂ ಎಂದರೆ 250 ಗಿಡಗಳಿಂದ 37.5 ಕಿ.ಗ್ರಾಂ. ಶೇ. 10 ನಷ್ಟ ಕಳೆದರೆ ಮಾರಲು ಸಿಗುವುದು ಸುಮಾರು 34 ಕಿ.ಗ್ರಾಂ. ಯೂನಿಟ್ಟಿಗೆ 8 ರೂಪಾಯಿ ಎಂದು ಹಿಡಿದರೆ ವಿದ್ಯುತ್ ಖರ್ಚು 6,280 ರೂಪಾಯಿ. ಎಂದರೆ ಒಂದು ಕಿಲೊ ಸೊಪ್ಪಿನಲ್ಲಿ ಸುಮಾರು 185 ರೂಪಾಯಿ ವಿದ್ಯುತ್ತೇ ಅಡಗಿದೆ. ನೀರಾವರಿ ಪಂಪ್‌ಸೆಟ್ಟಿಗೆ ಸಿಗುವ ರಿಯಾಯಿತಿ ಈ ಕೋಣೆಗೂ ಸಿಗುತ್ತದೆಂದು ಭಾವಿಸಬಾರದು. ಯಾವ ದರ ಅನ್ವಯಿಸುತ್ತದೆ ಎಂಬುದನ್ನು ವಿದ್ಯುತ್ ಸರಬರಾಜು ಕಂಪನಿಯ ಉಪವಿಭಾಗದಿಂದ ಬರಹದಲ್ಲಿ ಪಡೆಯಬೇಕು.

ಪೂರ್ಣ ಆಯವ್ಯಯ

ಕೆಳಗಿನ ದರಗಳು ಲೆಕ್ಕದ ಕ್ರಮ ತಿಳಿಸಲು ಹಿಡಿದವು. ರೈತರು ತಮ್ಮ ಊರಿನ ದರಗಳನ್ನು ಹಾಕಿ ಲೆಕ್ಕವನ್ನು ಮತ್ತೆ ಮಾಡಬೇಕು.

ಮೂಲ ಬಂಡವಾಳ: ದೀಪಗಳು 40,000; ಚೌಕಟ್ಟು, ತೊಟ್ಟಿ, ತೇಲು ಹಲಗೆ 30,000; ಹವಾನಿಯಂತ್ರಕ, ಬೀಸಣಿಗೆ 35,000; ಟ್ಯಾಂಕು, ಪಂಪು 8,000; ರಸಸಾರ ಮತ್ತು ಇ.ಸಿ. ಮಾಪಕಗಳು 5,000, ಪಂಪು, ಬೀಸಣಿಗೆಗಳಿಗೆ ಇನ್ವರ್ಟರ್, ಬ್ಯಾಟರಿ 20,000, ವೈರಿಂಗು, ಭೂಸಂಪರ್ಕ 12,000. ಒಟ್ಟು ರೂ. 1,50,000. ಐದು ವರ್ಷದ ಬಾಳಿಕೆ, ವರ್ಷಕ್ಕೆ 9 ಬೆಳೆ ಎಂದರೆ 45 ಬೆಳೆಗಳ ಮೇಲೆ ಸವಕಳಿ ಹಂಚಬೇಕು.

ಒಂದು ಬೆಳೆಯ ಖರ್ಚು (ರೂಪಾಯಿಗಳಲ್ಲಿ):
ವಿದ್ಯುತ್ — 6,280
ಪೋಷಕ ಲವಣಗಳು (ಸುಮಾರು 1,200 ಲೀಟರ್ ದ್ರಾವಣಕ್ಕೆ) — 300
ಬೀಜ, ಸ್ಪಂಜು, ಸಸಿ ಬೆಳೆಸುವುದು (300 ಸಸಿ) — 900
ಕೂಲಿ (45 ಗಂಟೆ, ಗಂಟೆಗೆ 60ರಂತೆ) — 2,700
ಚೀಲ, ಸಾಗಾಣಿಕೆ — 850
ಸವಕಳಿ — 3,330
ಬಡ್ಡಿ (ಮೊದಲ ವರ್ಷ, ಶೇ. 10) — 1,670
ಒಟ್ಟು — 16,030

34 ಕಿಲೊಗೆ ಭಾಗಿಸಿದರೆ ಕಿಲೊಗೆ ಸುಮಾರು 470 ರೂಪಾಯಿ. ಇದಕ್ಕಿಂತ ಕಡಿಮೆ ದರಕ್ಕೆ ಮಾರಿದ ಪ್ರತಿ ಕಿಲೊ ನಷ್ಟವೇ. ಇಳುವರಿ ಕಾಲು ಭಾಗ ಕಡಿಮೆಯಾದರೆ, ಮೊದಲ ವರ್ಷ ಅದು ಸಹಜ, ಈ ಅಂಕಿ 600 ದಾಟುತ್ತದೆ. ಮನೆಯವರ ದುಡಿಮೆಗೆ ಕೂಲಿ ಹಾಕದೆ ಲಾಭ ತೋರಿಸುವುದು ತನ್ನನ್ನು ತಾನೇ ವಂಚಿಸಿಕೊಂಡಂತೆ. ಇನ್ನೊಂದು ಅಂಶವನ್ನೂ ಗಮನಿಸಬೇಕು. ಪೋಷಕಾಂಶದ ಖರ್ಚು ಒಟ್ಟು ಖರ್ಚಿನ ಶೇಕಡಾ 2ರಷ್ಟೂ ಇಲ್ಲ. ದುಬಾರಿ ‘ವಿಶೇಷ’ ಪೋಷಕ ದ್ರವಗಳಿಂದಾಗಲಿ, ಅವುಗಳಲ್ಲಿ ಜಿಪುಣತನ ಮಾಡುವುದರಿಂದಾಗಲಿ ಘಟಕದ ಭವಿಷ್ಯ ಬದಲಾಗುವುದಿಲ್ಲ.

ಬಿಸಿಲಿನ ಬೆಲೆ

ಅದೇ 10 ಚದರ ಮೀಟರ್ ತೊಟ್ಟಿಗಳನ್ನು ಮಳೆ ತಡೆಯುವ ಪಾಲಿಥೀನ್ ಹೊದಿಕೆ ಮತ್ತು ನೆರಳು ಪರದೆಯ ಕೆಳಗೆ ಹೊರಗಿಟ್ಟರೆ ಏನಾಗುತ್ತದೆ? ನಮ್ಮ ಮೈದಾನ ಪ್ರದೇಶದಲ್ಲಿ ಬಿಸಿಲಿರುವ ದಿನ ಬೀಳುವ ಬೆಳಕು ಈ ಬೆಳೆಗೆ ಬೇಕಾದುದರ ಎರಡು ಪಟ್ಟಿಗಿಂತ ಹೆಚ್ಚು. ದೀಪ, ಹವಾನಿಯಂತ್ರಕ ಎರಡೂ ಬೇಡ. ಬಂಡವಾಳ: ಚಪ್ಪರ 15,000, ತೊಟ್ಟಿ, ಹಲಗೆ 30,000, ಟ್ಯಾಂಕು, ಪಂಪು 8,000, ಮಾಪಕ 5,000, ಬ್ಯಾಟರಿ 12,000, ಒಟ್ಟು ರೂ. 70,000. ಕಡು ಬೇಸಿಗೆಯಲ್ಲಿ ಒಂದು ಬೆಳೆ ಬಿಟ್ಟು ವರ್ಷಕ್ಕೆ 8 ಬೆಳೆ, ಹೆಚ್ಚು ನಷ್ಟ ಹಿಡಿದು ಬೆಳೆಗೆ 30 ಕಿ.ಗ್ರಾಂ ಇಳುವರಿ ಎಂದಿಟ್ಟುಕೊಂಡರೆ:

ವಿದ್ಯುತ್ 280, ಲವಣ 300, ಸಸಿ 900, ಕೂಲಿ 2,700, ಚೀಲ ಮತ್ತು ಸಾಗಾಣಿಕೆ 750, ಸವಕಳಿ 1,750, ಬಡ್ಡಿ 880. ಒಟ್ಟು 7,560 ರೂಪಾಯಿ. ಕಿಲೊಗೆ ಸುಮಾರು 250.

ಅರ್ಧದಷ್ಟು ಬಂಡವಾಳದಲ್ಲಿ, ಅರ್ಧದಷ್ಟು ಖರ್ಚಿನಲ್ಲಿ ಹೆಚ್ಚುಕಡಿಮೆ ಅಷ್ಟೇ ಸೊಪ್ಪು ಕೈಸೇರುತ್ತದೆ. ಹೊರದೇಶಗಳ ಅನುಭವವೂ ಇದನ್ನೇ ಹೇಳುತ್ತದೆ. ಅಮೆರಿಕದ ಅರಿಜೋನಾದಲ್ಲಿ ಸಂಶೋಧಕರು ಹಸಿರುಮನೆಯ ಜಲಕೃಷಿಯನ್ನೂ ಹೊಲದ ಬೇಸಾಯವನ್ನೂ ಹೋಲಿಸಿ 2015ರಲ್ಲಿ ಪ್ರಕಟಿಸಿದ ಅಂದಾಜಿನಂತೆ, ಜಲಕೃಷಿಯಲ್ಲಿ ಲೆಟ್ಯೂಸ್ ಇಳುವರಿ ಸುಮಾರು 11 ಪಟ್ಟು ಹೆಚ್ಚು. ಕಿಲೊಗೆ ಬಳಸಿದ ನೀರು 250 ಲೀಟರಿನ ಬದಲು 20 ಲೀಟರ್. ಆದರೆ ಕಿಲೊಗೆ ವ್ಯಯವಾದ ಶಕ್ತಿ 82 ಪಟ್ಟು. ಅಲ್ಲಿ ದೀಪದ ಬೆಳಕಿನಲ್ಲಿ ಭಾರಿ ಪ್ರಮಾಣದಲ್ಲಿ ಸೊಪ್ಪು ಬೆಳೆಯುತ್ತಿದ್ದ ಏರೋಫಾರ್ಮ್ಸ್ ಕಂಪನಿ 2023ರ ಜೂನ್ ತಿಂಗಳಲ್ಲಿ ದಿವಾಳಿ ಕಾಯ್ದೆಯ ರಕ್ಷಣೆ ಕೋರಿತು. ಬೋವರಿ ಎಂಬ ಮತ್ತೊಂದು ಕಂಪನಿ 2024ರ ನವೆಂಬರಿನಲ್ಲಿ ಬಾಗಿಲು ಮುಚ್ಚಿತು.

ಕೋಣೆಯ ಸರಿಯಾದ ಉಪಯೋಗ

ಹಾಗಾದರೆ ಖಾಲಿ ಕೋಣೆ ನಿರುಪಯೋಗಿಯೇ? ಅಲ್ಲ. ಕೋಣೆ ಸಸಿ ಬೆಳೆಸಲು ಯೋಗ್ಯ. ಲೆಟ್ಯೂಸ್ ಬೀಜ 28–30 ಡಿಗ್ರಿ ಮೀರಿದ ಸೆಕೆಯಲ್ಲಿ ಸರಿಯಾಗಿ ಮೊಳೆಯುವುದಿಲ್ಲ. ತಂಪಾದ ಕೋಣೆಯಲ್ಲಿ ಮೊಳೆಯುತ್ತದೆ. ಒಂದು ಚದರ ಮೀಟರಿನಲ್ಲಿ 400 ಸಸಿ ಹಿಡಿಯುತ್ತವೆ. ಸಸಿಗೆ 60 ವ್ಯಾಟ್ ಬೆಳಕು ಸಾಕು. 18 ದಿನಕ್ಕೆ ಸುಮಾರು 17 ಯೂನಿಟ್, ಅಂದರೆ ಸಸಿಯೊಂದಕ್ಕೆ ದೀಪದ ಖರ್ಚು 35 ಪೈಸೆಯಷ್ಟೆ. ದೀಪದ ಬೆಳಕಿನಲ್ಲಿ ಸಸಿ, ಬಿಸಿಲಿನಲ್ಲಿ ಬೆಳೆ ಎಂಬ ಕ್ರಮದಿಂದ ಎರಡರ ಅನುಕೂಲವೂ ದೊರೆಯುತ್ತದೆ.

ಅನುಸರಿಸಬೇಕಾದ ಕ್ರಮ

1. ಖರೀದಿದಾರರ ದರ ಬರೆದುಕೊಂಡ ನಂತರವೇ ಸಾಮಗ್ರಿಯ ದರಪಟ್ಟಿ ತರಿಸಬೇಕು.
2. ಮೊದಲ ಎರಡು ಬೆಳೆಗಳನ್ನು 2 ಚದರ ಮೀಟರಿನಲ್ಲಿ, ಸ್ವಂತ ಹಣದಲ್ಲಿ ಬೆಳೆದು ನೋಡಬೇಕು. ಸಾಲ ಬೇಡ.
3. ಒಮ್ಮೆಲೇ ನಾಟಿ ಮಾಡದೆ ಐದು ತಂಡಗಳಲ್ಲಿ ವಾರಕ್ಕೊಂದರಂತೆ ನಾಟಿ ಮಾಡಿದರೆ, 10 ಚದರ ಮೀಟರಿನಿಂದ ವಾರಕ್ಕೆ 6–7 ಕಿಲೊ ನಿಯಮಿತವಾಗಿ ಮಾರಬಹುದು.
4. ರಸಸಾರ ಮತ್ತು ಇ.ಸಿ.ಯನ್ನು ದಿನಕ್ಕೊಮ್ಮೆ ಅಳೆದು ಪುಸ್ತಕದಲ್ಲಿ ಬರೆಯಬೇಕು. ವಿದ್ಯುತ್ತಿಗೆ ಪ್ರತ್ಯೇಕ ಉಪಮೀಟರು ಇರಬೇಕು.
5. ನೀರೂ ವಿದ್ಯುತ್ತೂ ಒಂದೇ ಕಡೆ ಇರುವುದರಿಂದ ಭೂಸಂಪರ್ಕ ಮತ್ತು ಸೋರಿಕೆಯಾದೊಡನೆ ವಿದ್ಯುತ್ ಕಡಿಯುವ ಇ.ಎಲ್.ಸಿ.ಬಿ. ಕಡ್ಡಾಯ. ಇದರಲ್ಲಿ ಉಳಿತಾಯ ಸಲ್ಲದು.
6. ಎಳೆಯ ಎಲೆಗಳ ಅಂಚು ಕಂದಿ ಸುಟ್ಟಂತಾದರೆ ಅದು ಸುಳಿಗೆ ಕ್ಯಾಲ್ಸಿಯಂ ತಲುಪದ ಲಕ್ಷಣ. ಲವಣ ಹೆಚ್ಚಿಸುವ ಮೊದಲು ಬೀಸಣಿಗೆಯಿಂದ ಗಾಳಿಯಾಡಿಸಬೇಕು.
7. ಹಳೆಯ ದ್ರಾವಣವನ್ನು ಬಾವಿ, ಕೆರೆಗೆ ಬಿಡದೆ ತೆಂಗು, ಬಾಳೆಗೆ ಹಾಕಬೇಕು.

ಎರಡು ಬೆಳೆಗಳ ಪುಸ್ತಕ ಮುಂದಿಟ್ಟುಕೊಂಡು, ಕಿಲೊ ಒಂದಕ್ಕೆ ತಗಲಿದ ಖರ್ಚನ್ನೂ ಖರೀದಿದಾರ ನಿಜವಾಗಿ ಕೊಟ್ಟ ಹಣವನ್ನೂ ಅಕ್ಕಪಕ್ಕ ಬರೆಯಬೇಕು. ದರ ಖರ್ಚಿಗಿಂತ ಕಾಲು ಭಾಗವಾದರೂ ಹೆಚ್ಚಿದ್ದರೆ ವಿಸ್ತರಿಸಬಹುದು. ಇಲ್ಲದಿದ್ದರೆ ಅಲ್ಲಿಗೇ ನಿಲ್ಲಿಸುವುದು ಜಾಣತನ. ಎರಡು ಚದರ ಮೀಟರಿನಲ್ಲಿ ಆದ ನಷ್ಟವನ್ನು ಒಂದು ಸಂಸಾರ ತಡೆದುಕೊಂಡೀತು. ಜಮೀನು ಅಡವಿಟ್ಟು ಕಟ್ಟಿದ ಘಟಕದ ನಷ್ಟವನ್ನು ತಡೆದುಕೊಳ್ಳಲಾರದು. ವಿಸ್ತರಣಾ ಕಾರ್ಯಕರ್ತರು ಈ ಬೇಸಾಯದ ಬಗ್ಗೆ ಕೇಳಿ ಬಂದ ರೈತರಿಗೆ ಘಟಕ ತೋರಿಸುವುದಕ್ಕಿಂತ ಮೊದಲು ಈ ಲೆಕ್ಕವನ್ನು ಅವರ ಕೈಯಿಂದಲೇ ಮಾಡಿಸುವುದು ಒಳ್ಳೆಯದು.